ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲೇ ಮರಳಬಹುದಾದ ಹಾಂಗ್‌ಕಾಂಗ್‌ನ ಜಲಾಶಯದ ಹಾದಿಗಳು: ಯಾವುದು ಯಾರಿಗೆ?

ಹಾಂಗ್‌ಕಾಂಗ್‌ನ ನೆಲದಲ್ಲಿ ಸುಮಾರು ಶೇ. 40ರಷ್ಟು ಭಾಗ ಕಂಟ್ರಿ ಪಾರ್ಕ್ ಮತ್ತಿತರ ರಕ್ಷಿತ ಪ್ರದೇಶಗಳಲ್ಲಿದೆ. ಊರಿಗೆ ನೀರು ಕೂಡಿಡಲು ಕಟ್ಟಿದ 17 ಜಲಾಶಯಗಳಲ್ಲಿ ಹೆಚ್ಚಿನವು ಆ ಬೆಟ್ಟಗಳ ನಡುವೆಯೇ ಇವೆ. ಕಾಡು ಮತ್ತು ಜಲಾಶಯ ಅಲ್ಲಿ ಒಟ್ಟಿಗೆ ಸಿಗುವುದು ಆಕಸ್ಮಿಕವಲ್ಲ. ಬೋಳು ಗುಡ್ಡಗಳಿಂದ ಕೊಚ್ಚಿ ಬರುವ ಮಣ್ಣು ಕೆರೆಯಲ್ಲಿ ಹೂಳಾಗಿ ತುಂಬಬಾರದೆಂದು ಜಲಾನಯನ ಪ್ರದೇಶಗಳಲ್ಲಿ ಮರ ನೆಡಲಾಯಿತು. 1941ರಿಂದ 1945ರವರೆಗಿನ ಜಪಾನಿ ಆಕ್ರಮಣದ ಕಾಲದಲ್ಲಿ ಸೌದೆಗಾಗಿ ಆ ಮರಗಳನ್ನು ಕಡಿದು ಗುಡ್ಡಗಳು ಮತ್ತೆ ಬೋಳಾದಾಗ, ಯುದ್ಧ ಮುಗಿದ ಮೇಲೆ ಪುನಃ ನೆಟ್ಟು ಬೆಳೆಸಿದರು. ಇಂದು ನಾವು ನೆರಳಿನಲ್ಲಿ ನಡೆಯುವ ಕಾಡಿನ ಬಹುಭಾಗ ಹೀಗೆ ನೀರಿಗಾಗಿ ಬೆಳೆದದ್ದು.

ಹಾಂಗ್‌ಕಾಂಗ್‌ನಲ್ಲಿ ನೆಲೆಸಿರುವ ಅಥವಾ ನಾಲ್ಕಾರು ದಿನಗಳ ಮಟ್ಟಿಗೆ ಅಲ್ಲಿಗೆ ಹೋಗುವ ಕನ್ನಡಿಗರು, ಸ್ವಂತ ವಾಹನವಿಲ್ಲದೆ, ಮೆಟ್ರೊ, ಬಸ್ಸು ಮತ್ತು ಮಿನಿಬಸ್ಸುಗಳನ್ನೇ ನಂಬಿಕೊಂಡು, ಈ ಹಾದಿಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ಹೋಲಿಸಿ ನೋಡಿದ್ದೇನೆ. ಎಲ್ಲ ಹಾದಿಗಳ ಪಟ್ಟಿಯನ್ನು ಕೊಡುವ ಉದ್ದೇಶ ನನಗಿಲ್ಲ. ಆಯ್ಕೆಗೆ ಎದುರಾಗುವ ಮುಖ್ಯವಾದ ಆರು ತಾಣಗಳಿವೆ. ಅವುಗಳ ನಡುವಿನ ವ್ಯತ್ಯಾಸ ತಿಳಿದರೆ ಉಳಿದವುಗಳನ್ನು ನಕ್ಷೆ ನೋಡಿಯೇ ಅಂದಾಜು ಮಾಡಬಹುದು.

ಮೊದಲು ನೋಡಬೇಕಾದದ್ದು ಮರಳುವ ವಾಹನ

ಚಿತ್ರಗಳನ್ನು ನೋಡಿ ಹಾದಿಯನ್ನು ಆರಿಸುವುದು ಸಾಮಾನ್ಯ ಅಭ್ಯಾಸ. ಬಸ್ಸಿನಲ್ಲಿ ಹೋಗುವವರು ಇದನ್ನು ತಿರುವುಮುರುವಾಗಿ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ನಡಿಗೆ ಎಲ್ಲಿ ಮುಗಿಯುತ್ತದೆ, ಅಲ್ಲಿಂದ ಯಾವ ವಾಹನ ಸಿಗುತ್ತದೆ, ಅದರಲ್ಲಿ ಸ್ಥಳ ಸಿಗುವ ಖಾತರಿ ಎಷ್ಟು ಎಂಬುದನ್ನು ಮೊದಲು ನೋಡಿ, ಆಮೇಲೆ ನೆರಳು ಮತ್ತು ಏರಿಳಿತವನ್ನು ಲೆಕ್ಕಕ್ಕೆ ತೆಗೆದುಕೊಂಡು, ದೃಶ್ಯದ ವಿಚಾರವನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಬೆಳಿಗ್ಗೆ ಹೋಗುವಾಗ ಬಸ್ಸು ತಪ್ಪಿದರೆ ಅರ್ಧ ಗಂಟೆ ಹಾಳಾಗುತ್ತದೆ, ಅಷ್ಟೆ. ಸಂಜೆ ದಣಿದ ಕಾಲಿನಲ್ಲಿ, ಕುಡಿಯುವ ನೀರೂ ಮುಗಿದ ಹೊತ್ತಿನಲ್ಲಿ ತಪ್ಪಿದರೆ ಅದು ಬೇರೆಯೇ ಮಾತು.

ಇಲ್ಲಿ ಹಸಿರು ಮಿನಿಬಸ್ಸಿಗೂ ಎರಡಂತಸ್ತಿನ ದೊಡ್ಡ ಬಸ್ಸಿಗೂ ಇರುವ ವ್ಯತ್ಯಾಸ ಬಹಳ ಮುಖ್ಯ. ಹಸಿರು ಮಿನಿಬಸ್ಸಿಗೆ ನಿಗದಿತ ಮಾರ್ಗ ಮತ್ತು ನಿಗದಿತ ದರ ಇರುತ್ತದೆ, ಆದರೆ ಅದರಲ್ಲಿರುವುದು 16 ಅಥವಾ 19 ಆಸನಗಳು ಮಾತ್ರ. ನಿಂತು ಪ್ರಯಾಣಿಸಲು ಅವಕಾಶವಿಲ್ಲ. ಆಸನಗಳು ತುಂಬಿದ್ದರೆ ಚಾಲಕರು ಮಧ್ಯದ ನಿಲ್ದಾಣಗಳಲ್ಲಿ ನಿಲ್ಲಿಸದೆ ಮುಂದೆ ಹೋಗುತ್ತಾರೆ. ಹೀಗಾಗಿ ಮಿನಿಬಸ್ಸನ್ನು ಹತ್ತುವುದಾದರೆ ಅದು ಹೊರಡುವ ಮೊದಲ ನಿಲ್ದಾಣದಲ್ಲೇ ಹತ್ತಬೇಕು. ದೊಡ್ಡ ಬಸ್ಸುಗಳಾದರೆ ನೂರಕ್ಕೂ ಹೆಚ್ಚು ಜನರನ್ನು ಹೊರುತ್ತವೆ, ಆದ್ದರಿಂದ ಭಾನುವಾರದ ಸಂಜೆಯ ಸರದಿಯೂ ಬೇಗ ಕರಗುತ್ತದೆ. ಬೆಳಿಗ್ಗೆ ಮಿನಿಬಸ್ಸಿನಲ್ಲಿ ಒಳಗೆ ಹೋಗಿ, ಸಂಜೆ ದೊಡ್ಡ ಬಸ್ಸು ಓಡಾಡುವ ರಸ್ತೆಗೆ ಬಂದು ಸೇರುವಂತೆ ಹಾದಿಯ ದಿಕ್ಕನ್ನು ಇಟ್ಟುಕೊಂಡರೆ ಅರ್ಧ ಚಿಂತೆ ಕಳೆಯುತ್ತದೆ. ಎಲ್ಲದಕ್ಕೂ ಮುಂಗಡ ಹಣ ತುಂಬಿಟ್ಟುಕೊಳ್ಳುವ ಆಕ್ಟೋಪಸ್ ಕಾರ್ಡ್ ನಡೆಯುತ್ತದೆ; ನಗದು ಕೊಡುವವರು ಸರಿಯಾದ ಚಿಲ್ಲರೆಯನ್ನು ಇಟ್ಟುಕೊಂಡಿರಬೇಕು, ಏಕೆಂದರೆ ಬಸ್ಸಿನಲ್ಲಿ ಬಾಕಿ ಹಣವನ್ನು ಹಿಂತಿರುಗಿಸುವುದಿಲ್ಲ.

ನೆರಳಿನ ವಿಚಾರದಲ್ಲಿ ಜಲಾಶಯದ ವಯಸ್ಸೇ ಒಳ್ಳೆಯ ಸುಳಿವು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಕಟ್ಟಿದವು ಇಕ್ಕಟ್ಟಾದ ಕಣಿವೆಗಳಲ್ಲಿ, ನೆಟ್ಟು ಬೆಳೆಸಿದ ಕಾಡಿನ ನಡುವೆ ಇವೆ. 1960 ಮತ್ತು 70ರ ದಶಕಗಳಲ್ಲಿ ಕಟ್ಟಿದ ಎರಡು ಬೃಹತ್ ಜಲಾಶಯಗಳು ಕಡಲಿನ ಭಾಗವನ್ನೇ ಅಡ್ಡಗಟ್ಟಿ ಮಾಡಿದವು. ಅಲ್ಲಿ ಬಿಸಿಲು, ಗಾಳಿ ಮತ್ತು ಬಯಲು ನೋಟ. ಮೂರನೆಯ ಸಂಗತಿ ಏರಿಳಿತ. ಮಳೆನೀರನ್ನು ಗುಡ್ಡದ ಮೈಯಿಂದ ಜಲಾಶಯಕ್ಕೆ ಹರಿಸಲು ತೋಡಿದ ಕಾಂಕ್ರೀಟ್ ಕಾಲುವೆಗಳು ಬಹುತೇಕ ಸಮಮಟ್ಟದಲ್ಲಿ ಸಾಗುತ್ತವೆ, ಅವುಗಳ ಪಕ್ಕದ ದಾರಿಯೂ ಹಾಗೆಯೇ. ನಕ್ಷೆಯಲ್ಲಿ ಅಂಥ ಕಾಲುವೆಯ ಗುರುತಿದ್ದರೆ ದಾರಿ ಉದ್ದವಿದ್ದರೂ ಸುಲಭ. ಬೆಟ್ಟದ ನೆತ್ತಿಯ ಮೇಲೆ ಗೆರೆ ಎಳೆದಿದ್ದರೆ ದೂರ ಕಡಿಮೆಯಿದ್ದರೂ ಮೆಟ್ಟಿಲುಗಳು ಕಾದಿರುತ್ತವೆ.

ಶಿಂಗ್ ಮುನ್ ಮತ್ತು ಕಾಮ್ ಶಾನ್

ಮೊದಲ ಬಾರಿಗೆ ಹೋಗುವವರಿಗೆ, ಮಕ್ಕಳನ್ನು ಅಥವಾ ವಯಸ್ಸಾದ ತಂದೆತಾಯಿಯರನ್ನು ಕರೆದೊಯ್ಯುವವರಿಗೆ ನಾನು ಮೊದಲು ಹೇಳುವ ಹೆಸರು ಶಿಂಗ್ ಮುನ್. ತ್ಸುಯೆನ್ ವಾನ್ ಮೆಟ್ರೊ ನಿಲ್ದಾಣದಿಂದ ಸ್ವಲ್ಪ ನಡೆದು ಶಿಯು ವೋ ಬೀದಿಗೆ ಹೋದರೆ ಅಲ್ಲಿಂದ 82ನೇ ಸಂಖ್ಯೆಯ ಹಸಿರು ಮಿನಿಬಸ್ಸು ಪೈನಾಪಲ್ ಡ್ಯಾಮ್ ಎಂಬಲ್ಲಿಗೆ, ಅಂದರೆ ಜಲಾಶಯದ ಅಂಚಿಗೇ ತಲುಪಿಸುತ್ತದೆ. ಈ ಗುಡ್ಡಗಳಲ್ಲಿ ಹಿಂದೆ ಹಕ್ಕಾ ಸಮುದಾಯದ ಹಳ್ಳಿಗಳಿದ್ದು, ಅವರು ಅನಾನಸ್ ಬೆಳೆಯುತ್ತಿದ್ದರು. ಜಲಾಶಯಕ್ಕಾಗಿ ಆ ಹಳ್ಳಿಗಳನ್ನು ಬೇರೆಡೆಗೆ ಸ್ಥಳಾಂತರಿಸಲಾಯಿತು, ಅನಾನಸ್ಸಿನ ಹೆಸರು ಮಾತ್ರ ಅಣೆಕಟ್ಟಿಗೆ ಉಳಿಯಿತು. 1930ರ ದಶಕದಲ್ಲಿ ಕಟ್ಟಿದ ಈ ಜಲಾಶಯಕ್ಕೆ 1935ರಲ್ಲಿ ನಡೆದ ಐದನೇ ಜಾರ್ಜ್ ದೊರೆಯ ಬೆಳ್ಳಿಹಬ್ಬದ ನೆನಪಿನಲ್ಲಿ ಜುಬಿಲಿ ರಿಸರ್ವಾಯರ್ ಎಂಬ ಇನ್ನೊಂದು ಹೆಸರೂ ಇದೆ.

ಜಲಾಶಯವನ್ನು ಪೂರ್ತಿ ಸುತ್ತಿ ಬರಲು ನಿಧಾನವಾಗಿ ನಡೆದರೆ ಸುಮಾರು ಮೂರು ಗಂಟೆ ಬೇಕು. ದಾರಿಯ ಬಹುಪಾಲು ಮರದ ನೆರಳಿನಲ್ಲೇ ಸಾಗುತ್ತದೆ, ಕಡಿದಾದ ಏರು ಇಲ್ಲ. ಉತ್ತರದ ತುದಿಯಲ್ಲಿ ಆಸ್ಟ್ರೇಲಿಯಾ ಮೂಲದ ಪೇಪರ್‌ಬಾರ್ಕ್ ಮರಗಳ ಗುಂಪೊಂದಿದೆ. ಅವುಗಳ ಬಿಳಿಚು ತೊಗಟೆ ಪದರ ಪದರವಾಗಿ ಸುಲಿದು ಕಾಗದದ ಹಾಗೆ ನೇತಾಡುತ್ತದೆ. ಬೆರಳಿಟ್ಟು ಒತ್ತಿದರೆ ಮೆತ್ತಗೆ ಒಳಕ್ಕೆ ಹೋಗುತ್ತದೆ. ಮಳೆಗಾಲದ ನಂತರ ನೀರು ಏರಿದಾಗ ಈ ಮರಗಳು ಬುಡ ಮುಳುಗಿಸಿಕೊಂಡು ನಿಂತಿರುತ್ತವೆ, ಒಣಗಾಲದ ಕೊನೆಗೆ ನೀರು ಇಳಿದಾಗ ಅದೇ ಬುಡಗಳ ನಡುವೆ ನಡೆದು ಹೋಗಬಹುದು. ಆದ್ದರಿಂದ ಮರಗಳ ಪ್ರತಿಬಿಂಬವನ್ನು ನೋಡಬೇಕೆನ್ನುವವರು ಅಕ್ಟೋಬರ್ ಆಸುಪಾಸಿನಲ್ಲಿ ಹೋಗುವುದು ಒಳ್ಳೆಯದು.

ಸುತ್ತಿಗೆ ಬದಲಾಗಿ ಇನ್ನೊಂದು ದಾರಿಯಿದೆ, ಆರೋಗ್ಯವಂತ ವಯಸ್ಕರಿಗೆ ನಾನು ಅದನ್ನೇ ಹೆಚ್ಚು ಇಷ್ಟಪಟ್ಟು ಸೂಚಿಸುತ್ತೇನೆ. ಪೈನಾಪಲ್ ಡ್ಯಾಮಿನಿಂದ ಮುಖ್ಯ ಅಣೆಕಟ್ಟಿಗೆ ಬಂದು, ಅಲ್ಲಿಂದ, ಹತ್ತು ಹಂತಗಳಾಗಿ ವಿಂಗಡಿಸಿದ ದೀರ್ಘ ಚಾರಣದ ಹಾದಿಯಾದ ಮ್ಯಾಕ್ಲೆಹೋಸ್ ಟ್ರೇಲ್‌ನ ಆರನೇ ಹಂತವನ್ನು ಹಿಮ್ಮುಖವಾಗಿ ಹಿಡಿದು ಕಾಮ್ ಶಾನ್ ಕಂಟ್ರಿ ಪಾರ್ಕ್ ಮೂಲಕ ತಾಯ್ ಪೋ ರಸ್ತೆಗೆ ಇಳಿಯುವುದು. ಈ ಹಂತದ ಉದ್ದ 4.6 ಕಿ.ಮೀ. ಮಾತ್ರ. ಶಿಂಗ್ ಮುನ್ ಬದಿಯಲ್ಲೇ ಬ್ರಿಟಿಷರು ಜಪಾನಿನ ದಾಳಿಯನ್ನು ತಡೆಯಲು ಕಟ್ಟಿದ್ದ ಜಿನ್ ಡ್ರಿಂಕರ್ಸ್ ರಕ್ಷಣಾ ಸಾಲಿನ ಶಿಂಗ್ ಮುನ್ ರೆಡೌಟ್ ಎಂಬ ಕೋಟೆಯ ಅವಶೇಷಗಳು ಸಿಗುತ್ತವೆ. ನೆಲದೊಳಗಿನ ಸುರಂಗಗಳಿಗೆ ಲಂಡನ್ನಿನ ಬೀದಿಗಳ ಹೆಸರಿಟ್ಟಿದ್ದರು. ಪ್ರವೇಶದ್ವಾರದ ಕಾಂಕ್ರೀಟಿನಲ್ಲಿ ಶಾಫ್ಟ್ಸ್‌ಬರಿ ಅವೆನ್ಯೂ ಎಂಬ ಅಕ್ಷರಗಳನ್ನು ಈಗಲೂ ಓದಬಹುದು. ದೀರ್ಘಕಾಲ ತಡೆದು ನಿಲ್ಲುವುದೆಂದು ನಂಬಿದ್ದ ಈ ಕೋಟೆ 1941ರ ಡಿಸೆಂಬರ್ 9ರ ರಾತ್ರಿ ಶುರುವಾದ ಒಂದೇ ದಾಳಿಯಲ್ಲಿ ಬಿದ್ದುಹೋಯಿತು. ಸುರಂಗಗಳ ಒಳಗೆ ಕತ್ತಲೆಯಿದ್ದು ನೆಲ ಹಾಳಾಗಿರುವುದರಿಂದ ಹೊರಗಿನಿಂದಲೇ ನೋಡುವುದು ಕ್ಷೇಮ.

ಈ ದಾರಿ ಮುಗಿಯುವುದು 1910ರಲ್ಲಿ ಪೂರ್ಣಗೊಂಡ ಕೌಲೂನ್ ಜಲಾಶಯದ ಬಳಿ. ಅಲ್ಲಿ 72 ಮತ್ತು 81ನೇ ಸಂಖ್ಯೆಯ ದೊಡ್ಡ ಬಸ್ಸುಗಳು ನಿಲ್ಲುತ್ತವೆ, ಆದ್ದರಿಂದ ಮರಳುವ ಚಿಂತೆಯಿಲ್ಲ. ಆದರೆ ಕಾಮ್ ಶಾನ್ ಎಂದರೆ ಕೋತಿಗಳ ಗುಡ್ಡ. ಜಲಾಶಯದ ಸುತ್ತ ಬೆಳೆಯುತ್ತಿದ್ದ ವಿಷದ ಕಾಯಿಗಳನ್ನು ತಿಂದು ಮುಗಿಸಲೆಂದು ಸುಮಾರು ನೂರು ವರ್ಷಗಳ ಹಿಂದೆ ಇಲ್ಲಿ ಕೋತಿಗಳನ್ನು ಬಿಟ್ಟರು ಎಂದು ಹೇಳುತ್ತಾರೆ. ಇಂದು ಅವು ಪ್ಲಾಸ್ಟಿಕ್ ಚೀಲ ಕಂಡರೆ ಅದರಲ್ಲಿ ತಿಂಡಿಯಿದೆ ಎಂದೇ ತಿಳಿಯುತ್ತವೆ. ಕೈಯಲ್ಲಿ ಚೀಲ ಹಿಡಿಯದೆ ಎಲ್ಲವನ್ನೂ ಬೆನ್ನಿನ ಬ್ಯಾಗಿನೊಳಗೆ ಇಟ್ಟು, ಅವುಗಳ ಕಣ್ಣಿಗೆ ಕಣ್ಣಿಟ್ಟು ನೋಡದೆ ನಡೆದರೆ ಅವು ತಮ್ಮ ಪಾಡಿಗೆ ತಾವಿರುತ್ತವೆ. ಊರಿನ ದೇವಸ್ಥಾನಗಳಲ್ಲಿ ಕೋತಿಗೆ ಬಾಳೆಹಣ್ಣು ಕೊಟ್ಟು ಅಭ್ಯಾಸವಿರುವ ನಮ್ಮವರು ಇಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು: ಕಾಡುಪ್ರಾಣಿಗಳಿಗೆ ಆಹಾರ ಕೊಡುವುದು ಅಪರಾಧ. 2024ರ ಆಗಸ್ಟ್ 1ರಿಂದ ಅದಕ್ಕೆ ಗರಿಷ್ಠ ಶಿಕ್ಷೆ 1,00,000 ಹಾಂಗ್‌ಕಾಂಗ್ ಡಾಲರ್ ದಂಡ ಮತ್ತು ಒಂದು ವರ್ಷದ ಜೈಲು. ಸ್ಥಳದಲ್ಲೇ ವಿಧಿಸುವ ನಿಗದಿತ ದಂಡವೇ 5,000 ಡಾಲರ್.

ಕೋತಿಗಳೆಂದರೆ ಭಯಪಡುವ ಚಿಕ್ಕ ಮಕ್ಕಳಿದ್ದರೆ ಶಿಂಗ್ ಮುನ್ ಸುತ್ತನ್ನೇ ಇಟ್ಟುಕೊಳ್ಳಿ, ಅಲ್ಲಿಯೂ ಅವು ಕಾಣುವುದುಂಟು, ಆದರೆ ಕಾಮ್ ಶಾನ್‌ನಷ್ಟು ಅಲ್ಲ. ಕಾಲಿನಲ್ಲಿ ಬಲವಿರುವವರು ಇದೇ ಅಣೆಕಟ್ಟಿನಿಂದ ಏಳನೇ ಹಂತವನ್ನು ಹಿಡಿದು 532 ಮೀಟರ್ ಎತ್ತರದ ನೀಡಲ್ ಹಿಲ್ ಏರಬಹುದು. ಅದರ ಮೆಟ್ಟಿಲುಗಳು ನಿಜಕ್ಕೂ ಕಡಿದು, ನೆರಳೂ ಇಲ್ಲ. ಅದನ್ನು ಜಲಾಶಯದ ನಡಿಗೆಯ ಮುಂದುವರಿಕೆಯೆಂದು ತಿಳಿಯದೆ ಪ್ರತ್ಯೇಕ ಬೆಟ್ಟದ ಚಾರಣವೆಂದೇ ಎಣಿಸಬೇಕು.

ತೈ ತಾಮ್

ಹಾಂಗ್‌ಕಾಂಗ್ ದ್ವೀಪದಲ್ಲೇ ತಂಗಿದ್ದು ಅರ್ಧ ದಿನ ಮಾತ್ರ ಬಿಡುವಿರುವವರಿಗೆ ತೈ ತಾಮ್‌ಗಿಂತ ಉತ್ತಮವಾದುದು ಇಲ್ಲ. ಸೆಂಟ್ರಲ್‌ನಿಂದ ಸ್ಟಾನ್ಲಿಗೆ ಹೋಗುವ 6ನೇ ಸಂಖ್ಯೆಯ ಬಸ್ಸಿನಲ್ಲಿ ವಾಂಗ್ ನಾಯ್ ಚುಂಗ್ ಗ್ಯಾಪ್‌ನಲ್ಲಿಳಿದು, ತೈ ತಾಮ್ ರಿಸರ್ವಾಯರ್ ರಸ್ತೆಯಲ್ಲಿ ಸ್ವಲ್ಪ ಹೊತ್ತು ಏರಿದರೆ ಕಂಟ್ರಿ ಪಾರ್ಕಿನ ಬಾಗಿಲು ಸಿಗುತ್ತದೆ. ಅಲ್ಲಿಂದ ಮುಂದೆ ಇಡೀ ದಾರಿ ಇಳಿಜಾರು. ಹೆಚ್ಚಿನ ಭಾಗ ಡಾಂಬರು ಅಥವಾ ಕಾಂಕ್ರೀಟಿನ ರಸ್ತೆಯಾದ್ದರಿಂದ ಸಾಮಾನ್ಯ ನಡಿಗೆಯ ಶೂಗಳೇ ಸಾಕು. ಎರಡರಿಂದ ಎರಡೂವರೆ ಗಂಟೆಯಲ್ಲಿ ತೈ ತಾಮ್ ರಸ್ತೆಗೆ ತಲುಪಬಹುದು.

ಇಲ್ಲಿ ಒಂದರ ಕೆಳಗೊಂದರಂತೆ ನಾಲ್ಕು ಜಲಾಶಯಗಳಿವೆ. ಮೇಲಿನ ತೈ ತಾಮ್ 1888ರಲ್ಲಿ ಮುಗಿಯಿತು. ಅದು ಸಾಲದಾದಾಗ ಬೈವಾಶ್ ಎಂಬ ಪುಟ್ಟ ಜಲಾಶಯವನ್ನೂ, ನಡುವಿನದನ್ನೂ ಕಟ್ಟಿ, ಕೊನೆಗೆ 1917ರಲ್ಲಿ ಕಡಲಿನ ಅಂಚಿನಲ್ಲಿ ತೈ ತಾಮ್ ತುಕ್ ಎಂಬ ದೊಡ್ಡ ಅಣೆಕಟ್ಟನ್ನು ಮುಗಿಸಿದರು. ಬೆಳೆಯುತ್ತಿದ್ದ ಊರಿಗೆ ಪ್ರತಿಸಲವೂ ನೀರು ಸಾಲದೆ ಹೋದ ಕಥೆಯನ್ನು ಮೇಲಿನಿಂದ ಕೆಳಗಿನವರೆಗೆ ನಡೆಯುತ್ತಾ ಕಾಣಬಹುದು. ಕಣಿವೆಗಳನ್ನು ದಾಟಲು ಕಟ್ಟಿದ ಕಮಾನಿನ ಕಲ್ಲುಸೇತುವೆಗಳು, ಗ್ರಾನೈಟಿನ ಕವಾಟಗೃಹಗಳು ಹಾದಿಯುದ್ದಕ್ಕೂ ಇವೆ. ಇಲ್ಲಿನವೂ ಸೇರಿದಂತೆ ಯುದ್ಧಪೂರ್ವದ ಆರು ಜಲಾಶಯ ಸಮೂಹಗಳ 41 ರಚನೆಗಳನ್ನು 2009ರಲ್ಲಿ ಸಂರಕ್ಷಿತ ಸ್ಮಾರಕಗಳೆಂದು ಘೋಷಿಸಲಾಗಿದೆ. ಹಳೆಯ ಕಟ್ಟೋಣದಲ್ಲಿ ಆಸಕ್ತಿಯಿರುವವರು ಶಿಂಗ್ ಮುನ್‌ಗಿಂತ ಮೊದಲು ಇದನ್ನೇ ಆರಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ದಿಕ್ಕನ್ನು ಮಾತ್ರ ಬದಲಿಸಬೇಡಿ. ಕೆಳಗಿನಿಂದ ಹೊರಟರೆ ಇಡೀ ದಾರಿ ಏರಾಗುತ್ತದೆ. ಕೆಳಗೆ ಮುಗಿಸಿದರೆ 14ನೇ ಸಂಖ್ಯೆಯ ಬಸ್ಸು ಒಂದು ದಿಕ್ಕಿನಲ್ಲಿ ಸಾಯ್ ವಾನ್ ಹೋ ಮೆಟ್ರೊ ನಿಲ್ದಾಣದ ಕಡೆಗೂ ಇನ್ನೊಂದು ದಿಕ್ಕಿನಲ್ಲಿ ಸ್ಟಾನ್ಲಿಗೂ ಒಯ್ಯುತ್ತದೆ. ಈ ಬಸ್ಸು ತೈ ತಾಮ್ ತುಕ್ ಅಣೆಕಟ್ಟಿನ ಮೇಲೆಯೇ ಹಾದುಹೋಗುತ್ತದೆ. ಆ ರಸ್ತೆ ಬಹಳ ಕಿರಿದಾದ್ದರಿಂದ ಅದರ ಮೇಲೆ ನಡೆದು ಚಿತ್ರ ತೆಗೆಯಲು ಹೋಗದೆ, ಬಸ್ಸಿನ ಮೇಲಂತಸ್ತಿನಲ್ಲಿ ಕುಳಿತು ನೋಡುವುದೇ ಉತ್ತಮ.

ಹೈ ಐಲೆಂಡ್ ಮತ್ತು ಪ್ಲೋವರ್ ಕೋವ್

1963ರ ಬರಗಾಲದಲ್ಲಿ ಹಾಂಗ್‌ಕಾಂಗ್‌ನ ಮನೆಗಳಿಗೆ ನಾಲ್ಕು ದಿನಗಳಿಗೊಮ್ಮೆ ನಾಲ್ಕು ಗಂಟೆ ಮಾತ್ರ ನೀರು ಬಿಡುವ ಸ್ಥಿತಿ ಬಂದಿತ್ತು. ಕಣಿವೆಗಳ ಜಲಾಶಯಗಳು ಇನ್ನು ಸಾಲವು ಎಂಬುದು ಸ್ಪಷ್ಟವಾಗಿದ್ದ ಕಾಲ ಅದು. ಕಡಲಿನ ಕೊಲ್ಲಿಯೊಂದರ ಬಾಯಿಗೆ ಎರಡು ಕಿಲೊಮೀಟರ್ ಉದ್ದದ ಕಟ್ಟೆ ಹಾಕಿ, ಒಳಗಿನ ಉಪ್ಪುನೀರನ್ನು ಪಂಪ್ ಮಾಡಿ ಹೊರಹಾಕಿ, ಸಿಹಿನೀರು ತುಂಬಿಸಿದ ಪ್ಲೋವರ್ ಕೋವ್ 1968ರಲ್ಲಿ ಪೂರ್ಣಗೊಂಡಿತು. ಹತ್ತು ವರ್ಷಗಳ ಬಳಿಕ, 1978ರಲ್ಲಿ, ದ್ವೀಪ ಮತ್ತು ನೆಲದ ನಡುವಿನ ಜಲಸಂಧಿಯ ಎರಡೂ ತುದಿಗಳನ್ನು ಮುಚ್ಚಿ ಹೈ ಐಲೆಂಡ್ ಜಲಾಶಯವನ್ನು ಮುಗಿಸಿದರು. ಅದರಲ್ಲಿ ಸುಮಾರು 28 ಕೋಟಿ ಘನಮೀಟರ್ ನೀರು ಹಿಡಿಯುತ್ತದೆ. ಹಾಂಗ್‌ಕಾಂಗ್‌ನ ಜಲಾಶಯಗಳಲ್ಲೇ ಇದು ಅತಿ ದೊಡ್ಡದು.

ಈ ಎರಡರ ನಡುವೆ ಆಯ್ಕೆ ಮಾಡುವಾಗ ದೃಶ್ಯದ ಲೆಕ್ಕದಲ್ಲಿ ಹೈ ಐಲೆಂಡ್ ಬಹಳ ಮುಂದಿದೆ. ಅದರ ಪೂರ್ವದ ಅಣೆಕಟ್ಟಿನ ಬಳಿ ಸುಮಾರು 14 ಕೋಟಿ ವರ್ಷಗಳ ಹಿಂದಿನ ಜ್ವಾಲಾಮುಖಿಯ ಬೂದಿ ತಣ್ಣಗಾಗುತ್ತಾ ಸೀಳಿ ರೂಪುಗೊಂಡ ಆರುಮೂಲೆಯ ಕಲ್ಲಿನ ಕಂಬಗಳು ಗೋಡೆಯಂತೆ ನಿಂತಿವೆ. ಉಡುಪಿಯ ಸೇಂಟ್ ಮೇರಿಸ್ ದ್ವೀಪದ ಕಲ್ಲುಕಂಬಗಳನ್ನು ನೋಡಿದವರಿಗೆ ಆಕಾರ ಪರಿಚಿತವೆನಿಸಬಹುದು, ಆದರೆ ಇಲ್ಲಿ ಕಂಬಗಳ ಎತ್ತರ ಬಹಳ ಹೆಚ್ಚು, ಕೆಲವೆಡೆ ಅವು ಬಾಗಿ ತಿರುಚಿಕೊಂಡಿವೆ. ಯುನೆಸ್ಕೊ ಜಾಗತಿಕ ಭೂ ಉದ್ಯಾನದ ಭಾಗವಾದ ಈ ಸ್ಥಳವನ್ನು ಅಣೆಕಟ್ಟಿನ ಬುಡದಲ್ಲಿ ಹತ್ತಿರದಿಂದಲೇ ನೋಡಬಹುದು.

ಸಾರಿಗೆಯ ಲೆಕ್ಕದಲ್ಲಿ ಮಾತ್ರ ಇದು ಎಲ್ಲಕ್ಕಿಂತ ಕಷ್ಟದ್ದು. ಡೈಮಂಡ್ ಹಿಲ್‌ನಿಂದ 92ನೇ ಬಸ್ಸಿನಲ್ಲಿ ಅಥವಾ ಚೋಯ್ ಹಂಗ್‌ನಿಂದ 1ಎ ಮಿನಿಬಸ್ಸಿನಲ್ಲಿ ಸಾಯ್ ಕುಂಗ್‌ಗೆ ಬಂದು, ಅಲ್ಲಿ 94ನೇ ಬಸ್ಸು ಹಿಡಿದು ಪಾಕ್ ತಾಮ್ ಚುಂಗ್‌ನಲ್ಲಿ ಇಳಿಯಬೇಕು. ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳಲ್ಲಿ ಡೈಮಂಡ್ ಹಿಲ್‌ನಿಂದ ನೇರವಾಗಿ 96ಆರ್ ಬಸ್ಸು ಇದೆ. ಪಾಕ್ ತಾಮ್ ಚುಂಗ್‌ನಿಂದ ಮುಂದಕ್ಕೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ, ಟ್ಯಾಕ್ಸಿ ಹೋಗಬಹುದು. ಅಲ್ಲಿ ಶುರುವಾಗುವ ಮ್ಯಾಕ್ಲೆಹೋಸ್ ಟ್ರೇಲ್‌ನ ಮೊದಲ ಹಂತ 10.6 ಕಿ.ಮೀ. ಉದ್ದವಿದ್ದು, ಬಹುತೇಕ ಜಲಾಶಯದ ಪಕ್ಕದ ಕಾಂಕ್ರೀಟ್ ರಸ್ತೆಯಲ್ಲೇ ಸಾಗಿ ಲಾಂಗ್ ಕೆ ಕಡಲತೀರದಲ್ಲಿ ಮುಗಿಯುತ್ತದೆ. ಅದು ಮುಗಿಯುವ ಜಾಗದಲ್ಲಿ ಬಸ್ಸಿಲ್ಲ. ಭಾನುವಾರ ಮತ್ತು ರಜಾದಿನಗಳಲ್ಲಿ ಪೂರ್ವ ಅಣೆಕಟ್ಟಿನಿಂದ ಪಾಕ್ ತಾಮ್ ಚುಂಗ್‌ಗೆ 9ಎ ಮಿನಿಬಸ್ಸು ಓಡುತ್ತದೆ, ಆದರೆ ಅದರ ಸರದಿ ಸಂಜೆಯ ಹೊತ್ತಿಗೆ ಬಹಳ ಉದ್ದವಾಗುತ್ತದೆ. ಇಲ್ಲವಾದರೆ ಟ್ಯಾಕ್ಸಿ ಕಾಯಬೇಕು, ಅಥವಾ ಬಂದ ದಾರಿಯಲ್ಲೇ ಹಿಂದಿರುಗಬೇಕು, ಅಥವಾ ಇನ್ನೂ 13.5 ಕಿ.ಮೀ. ಉದ್ದದ ಎರಡನೇ ಹಂತವನ್ನು ನಡೆದು ಪಾಕ್ ತಾಮ್ ಆವ್‌ನಲ್ಲಿ 94ನೇ ಬಸ್ಸನ್ನು ಸೇರಬೇಕು.

ಆದ್ದರಿಂದ ನಾನು ಸೂಚಿಸುವುದು ಹೀಗೆ: ಹೋಗುವಾಗಲೇ ಸಾಯ್ ಕುಂಗ್‌ನಿಂದ ಟ್ಯಾಕ್ಸಿಯಲ್ಲಿ ಪೂರ್ವ ಅಣೆಕಟ್ಟಿಗೆ ತಲುಪಿ, ಕಲ್ಲಿನ ಕಂಬಗಳನ್ನು ಬೆಳಗಿನ ಬೆಳಕಿನಲ್ಲಿ ನೋಡಿ, ಮೊದಲ ಹಂತವನ್ನು ಹಿಮ್ಮುಖವಾಗಿ ನಡೆದು ಪಾಕ್ ತಾಮ್ ಚುಂಗ್‌ನಲ್ಲಿ ದೊಡ್ಡ ಬಸ್ಸು ಹಿಡಿಯುವುದು. ನಾಲ್ವರು ಸೇರಿ ಹಂಚಿಕೊಂಡರೆ ಟ್ಯಾಕ್ಸಿ ಭಾರವಾಗದು, ಸಂಜೆಯ ಅನಿಶ್ಚಿತತೆಯೂ ಇರದು. ದಾರಿಯಲ್ಲಿ ನೆರಳು ತೀರಾ ಕಡಿಮೆ ಎಂಬುದನ್ನು ಮರೆಯಬಾರದು. ಒಬ್ಬೊಬ್ಬರಿಗೂ ಕನಿಷ್ಠ ಎರಡು ಲೀಟರ್ ನೀರು ಬೇಕು.

ಪ್ಲೋವರ್ ಕೋವ್‌ಗೆ ಹೋಗುವುದು ಸರಳ. ತಾಯ್ ಪೋ ಮಾರ್ಕೆಟ್ ರೈಲು ನಿಲ್ದಾಣದಿಂದ 75ಕೆ ಬಸ್ಸು ಅಥವಾ 20ಸಿ ಮಿನಿಬಸ್ಸು ತೈ ಮೇ ತುಕ್‌ಗೆ ತಲುಪಿಸುತ್ತದೆ. ಕಟ್ಟೆಯ ಮೇಲಿನ ದಾರಿ ಸಂಪೂರ್ಣ ಸಮತಟ್ಟು. ಒಂದು ಬದಿ ಕಡಲು, ಇನ್ನೊಂದು ಬದಿ ಜಲಾಶಯ. ಮಕ್ಕಳ ಗಾಡಿ ತಳ್ಳುವವರೂ ಸೈಕಲ್ ಸವಾರರೂ ಇಲ್ಲಿಗೆ ಬರುತ್ತಾರೆ. ಆದರೆ ಇದೇ ಜಲಾಶಯದ ಹೆಸರು ಹೊತ್ತ ಪ್ಲೋವರ್ ಕೋವ್ ರಿಸರ್ವಾಯರ್ ಕಂಟ್ರಿ ಟ್ರೇಲ್ ಇದಕ್ಕೆ ಪೂರ್ತಿ ವಿರುದ್ಧ ಸ್ವಭಾವದ್ದು. ವು ಕಾವ್ ತಾಂಗ್‌ನಿಂದ ಜಲಾಶಯದ ಹಿಂಬದಿಯ ಬೆಟ್ಟಸಾಲನ್ನು ಹತ್ತಿ ಇಳಿದು ಸುಮಾರು 18 ಕಿ.ಮೀ. ಸಾಗುವ ಆ ಹಾದಿಯಲ್ಲಿ ನೆರಳಿಲ್ಲ, ನೀರಿಲ್ಲ, ನಡುವೆ ಬಿಟ್ಟು ಇಳಿದುಬರಲು ಸರಿಯಾದ ಅಡ್ಡದಾರಿಯೂ ಇಲ್ಲ. ಹೆಸರು ಒಂದೇ ಎಂಬ ಕಾರಣಕ್ಕೆ ಕಟ್ಟೆಯ ನಡಿಗೆಯ ಚಿತ್ರ ನೋಡಿ ಈ ಹಾದಿಗೆ ಕಾಲಿಡಬೇಡಿ. ಬೇಸಿಗೆಯಲ್ಲಂತೂ ಅನುಭವಸ್ಥರೂ ಅದರಿಂದ ದೂರವಿರುವುದೇ ಸರಿ.

ಉಳಿದ ಎರಡು

ಕೇವಲ ಒಂದೂವರೆ ಗಂಟೆ ಬಿಡುವಿದ್ದರೆ ಪೋಕ್ ಫು ಲಾಮ್ ಸಾಕು. ವಿಕ್ಟೋರಿಯಾ ಪೀಕ್‌ಗೆ ಬಸ್ಸಿನಲ್ಲಿ ಏರಿ, ಅಲ್ಲಿಂದ ಪೋಕ್ ಫು ಲಾಮ್ ರಿಸರ್ವಾಯರ್ ರಸ್ತೆಯಲ್ಲಿ ಕಾಡಿನ ನಡುವೆ ಇಳಿದರೆ 1863ರಲ್ಲಿ ಮುಗಿದ, ಹಾಂಗ್‌ಕಾಂಗ್‌ನ ಮೊತ್ತಮೊದಲ ಜಲಾಶಯದ ಮೂಲಕ ಮುಖ್ಯರಸ್ತೆಗೆ ಬರಬಹುದು. ಅಲ್ಲಿ ಬಸ್ಸಿಗೆ ಬರವಿಲ್ಲ.

1957ರಲ್ಲಿ ಮುಗಿದ ತೈ ಲಾಮ್ ಚುಂಗ್ ಜಲಾಶಯದ ನಡುಗಡ್ಡೆಗಳ ನೋಟ ಸಾಮಾಜಿಕ ಜಾಲತಾಣಗಳಲ್ಲಿ ಬಹಳ ಪ್ರಸಿದ್ಧ. ಅದಕ್ಕಾಗಿ ಮಾತ್ರ ಹೋಗುವುದಕ್ಕಿಂತ ಮ್ಯಾಕ್ಲೆಹೋಸ್‌ನ 15.6 ಕಿ.ಮೀ. ಉದ್ದದ ಹತ್ತನೇ ಹಂತವನ್ನು ನಡೆಯುವುದು ನನಗೆ ಹೆಚ್ಚು ಸಮಂಜಸವೆನಿಸುತ್ತದೆ. ದೂರ ಹೆಚ್ಚಾದರೂ ಬಹುಭಾಗ ಕಾಲುವೆಯ ಪಕ್ಕದ ಸಮಮಟ್ಟದ ದಾರಿ, ಮತ್ತು ಅದು ಕೊನೆಗೊಳ್ಳುವುದು ಟ್ಯೂನ್ ಮುನ್ ಪಟ್ಟಣದಲ್ಲಿ. ದೀರ್ಘ ನಡಿಗೆ ಬೇಕು, ಏರು ಬೇಡ ಎನ್ನುವವರಿಗೆ ಇದಕ್ಕಿಂತ ಸೂಕ್ತವಾದದ್ದು ಈ ಪಟ್ಟಿಯಲ್ಲಿಲ್ಲ.

ಕಾಲ, ಹವೆ ಮತ್ತು ನಿಯಮಗಳು

ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಒಣಹವೆ ಇಲ್ಲಿನ ಚಾರಣದ ಕಾಲ. ಡಿಸೆಂಬರ್‌ನಲ್ಲಿ ಸಂಜೆ 5.40ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಆದ್ದರಿಂದ ಹೈ ಐಲೆಂಡ್‌ನಂಥ ಉದ್ದದ ಹಾದಿಗೆ ಬೆಳಿಗ್ಗೆ ಎಂಟಕ್ಕೇ ಹೊರಡಬೇಕು. ವರ್ಷದ ಮಳೆಯ ಬಹುಪಾಲು ಸುರಿಯುವ ಮೇ–ಸೆಪ್ಟೆಂಬರ್ ಅವಧಿಯಲ್ಲಿ ಹೋಗಲೇಬೇಕಾದರೆ ನೆರಳಿನ ತೈ ತಾಮ್ ಅಥವಾ ಶಿಂಗ್ ಮುನ್ ಮಾತ್ರ ಆಯ್ದುಕೊಳ್ಳಿ, ಮಧ್ಯಾಹ್ನಕ್ಕೆ ಮುಂಚೆ ಮುಗಿಸಿ. ಮಳೆಯ ಎಚ್ಚರಿಕೆಗೆ ಹಳದಿ, ಕೆಂಪು, ಕಪ್ಪು ಎಂಬ ಮೂರು ಹಂತಗಳಿವೆ. ಗಂಟೆಗೆ 30 ಮಿ.ಮೀ. ಮೀರುವ ಮಳೆಗೆ ಕೊಡುವ ಹಳದಿ ಎಚ್ಚರಿಕೆ ಬಂದಾಗಲೇ ತೊರೆ ಮತ್ತು ಕಾಲುವೆಗಳಿಂದ ದೂರ ಸರಿದು ರಸ್ತೆಯ ಕಡೆಗೆ ಇಳಿಯಬೇಕು. ಖಾಲಿ ಕಾಲುವೆಯಲ್ಲಿ ಮೇಲಿನ ಗುಡ್ಡದ ಮಳೆ ಕ್ಷಣದಲ್ಲಿ ನುಗ್ಗಿ ಬರುತ್ತದೆ. ಚಂಡಮಾರುತದ 8ನೇ ಸಂಕೇತ ಹಾರಿಸಿದರೆ ಬಸ್ಸುಗಳು ಕ್ರಮೇಣ ನಿಲ್ಲುತ್ತವೆ, ಹಾಗಾಗಿ ಅದಕ್ಕೂ ಮೊದಲೇ ಊರು ಸೇರಿರಬೇಕು.

ಜಲಾಶಯಗಳಲ್ಲಿ ಈಜು, ಸ್ನಾನ, ಬಟ್ಟೆ ತೊಳೆಯುವುದು ನಿಷಿದ್ಧ. ಮೀನು ಹಿಡಿಯಲು ಪರವಾನಗಿ ಬೇಕು, ಅದೂ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ. ಗುರುತು ಮಾಡಿದ ಒಲೆಗಳನ್ನು ಬಿಟ್ಟು ಬೇರೆಲ್ಲೂ ಬೆಂಕಿ ಹಚ್ಚುವಂತಿಲ್ಲ. ಕಾಲುದಾರಿಗಳ ಕಸದ ತೊಟ್ಟಿಗಳನ್ನು 2017ರ ಕೊನೆಯ ಹೊತ್ತಿಗೆ ತೆಗೆದುಹಾಕಲಾಗಿದೆ, ಆದ್ದರಿಂದ ಕಿತ್ತಳೆಯ ಸಿಪ್ಪೆಯನ್ನೂ ಒಳಗೊಂಡು ಎಲ್ಲವನ್ನೂ ಮರಳಿ ತರಬೇಕು. ಕಸ ಎಸೆದರೆ 3,000 ಡಾಲರ್ ನಿಗದಿತ ದಂಡ. ಪ್ರಮುಖ ಟ್ರೇಲ್‌ಗಳಲ್ಲಿ 500 ಮೀಟರ್‌ಗೊಂದರಂತೆ ದೂರದ ಕಂಬಗಳಿವೆ. ದಾರಿ ತಪ್ಪಿದಾಗ ಅಥವಾ ಪೆಟ್ಟಾದಾಗ 999ಕ್ಕೆ ಕರೆ ಮಾಡಿ ಹತ್ತಿರದ ಕಂಬದ ಸಂಖ್ಯೆಯನ್ನು ಹೇಳಿದರೆ ರಕ್ಷಣಾ ಸಿಬ್ಬಂದಿಗೆ ಸ್ಥಳ ಗೊತ್ತಾಗುತ್ತದೆ, ಆದ್ದರಿಂದ ದಾಟಿದ ಪ್ರತಿಯೊಂದು ಕಂಬದ ಸಂಖ್ಯೆಯನ್ನೂ ಫೋನಿನಲ್ಲಿ ಚಿತ್ರ ತೆಗೆದುಕೊಂಡಿರುವುದು ಒಳ್ಳೆಯ ರೂಢಿ.

ದಿನವನ್ನು ಆರಿಸುವಾಗ ಚಿಂಗ್ ಮಿಂಗ್ ಮತ್ತು ಚುಂಗ್ ಯೂಂಗ್ ಹಬ್ಬಗಳನ್ನು ತಪ್ಪಿಸಿ. ವಸಂತದಲ್ಲೂ ಶರತ್ಕಾಲದಲ್ಲೂ ಬರುವ ಈ ಹಬ್ಬಗಳಂದು ಜನ ಹಿರಿಯರ ಸಮಾಧಿಗಳಿಗೆ ಹೋಗುವುದರಿಂದ ಬೆಟ್ಟದ ಕಡೆಯ ಬಸ್ಸುಗಳು ಬೆಳಿಗ್ಗೆಯಿಂದಲೇ ತುಂಬಿರುತ್ತವೆ, ಕಾಡಿನ ಬೆಂಕಿಯ ಅಪಾಯವೂ ಆಗ ಹೆಚ್ಚು. ವಾರದ ದಿನ ಬಿಡುವಿದ್ದರೆ ತೈ ತಾಮ್ ಮತ್ತು ಶಿಂಗ್ ಮುನ್‌ಗಳನ್ನು ಆ ದಿನಗಳಿಗೆ ಇಟ್ಟುಕೊಳ್ಳಿ, ಏಕೆಂದರೆ ಅವುಗಳ ಬಸ್ಸುಗಳು ಎಲ್ಲ ದಿನವೂ ಓಡುತ್ತವೆ. 96ಆರ್ ಮತ್ತು 9ಎಗಳನ್ನು ನಂಬಿಕೊಂಡ ಹೈ ಐಲೆಂಡ್ ಯೋಜನೆಗೆ ಮಾತ್ರ ಭಾನುವಾರ ಅಥವಾ ಸಾರ್ವಜನಿಕ ರಜಾದಿನವೇ ಬೇಕು.